ತಿಮ್ಮಣ್ಣನ ಎದೆಯ ಚೀಟಿ

ಹತ್ತು ಏಟು ಹಾಕುವುದರೊಳಗೆ ಹನಮಂತಪ್ಪ ಹಾರೆ ಬಿಟ್ಟು ಕುಣಿಯ ದಂಡೆಗೆ ಒರಗಿದ. ಮುಜಮ್ಮಿಲ ಒಳಗಿಳಿದ. ಅವನದು ಎಂಟೇ ಏಟು. ಇಳಕಲ್ಲಿನ ಸುತ್ತಲಿನ ನೆಲವೇ ಹಾಗೆ, ಮೊಳ ಅಗೆದರೆ ಕಲ್ಲು. ಆದರೆ ಇವರು ಕಲ್ಲಿಗೆ ಹೆದರುವ ಜನವಲ್ಲ. ಇಪ್ಪತ್ತು ವರ್ಷ ಕ್ವಾರಿಯಲ್ಲಿ ತಿಮ್ಮಣ್ಣನ ಜೊತೆ ಡ್ರಿಲ್ ಹಿಡಿದವರು. ಗೆಳೆಯನ ಕುಣಿ ನಾವೇ ತೋಡುತ್ತೇವೆ ಎಂದು ಹಟ ಮಾಡಿ ಬಂದಿದ್ದರು.

"ವಯಸ್ಸಾತಪಾ," ಎಂದ ಹನಮಂತಪ್ಪ, ಏದುಸಿರು ಬಿಡುತ್ತ. ಅವನಿಗೆ ನಲವತ್ತೊಂದು.

"ನಿನಗ ವಯಸ್ಸು, ನನಗ ಬೀಡಿ," ಎಂದ ಮುಜಮ್ಮಿಲ ಕೆಳಗಿನಿಂದ. "ಒಬ್ಬೊಬ್ರಿಗೊಂದು ನೆವ."

ಒಂದಿಬ್ಬರು ನಗಲು ಹೋಗಿ ಕೆಮ್ಮಿದರು.

ಬೇವಿನ ಮರದ ಕೆಳಗೆ ನಿಂತಿದ್ದ ಸೋಮಲಿಂಗ ನಗಲಿಲ್ಲ. ಸತ್ತ ತಿಮ್ಮಣ್ಣ ಅವನ ಸೋದರಮಾವ. ಅಪ್ಪನಿಲ್ಲದ ಹುಡುಗನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬಂದವನು, ಬಾಗಲಕೋಟೆಯಲ್ಲಿಟ್ಟು ಓದಿಸಿದವನು. ಓದಿದ ಸೋಮಲಿಂಗ ಅಲ್ಲೇ ಒಂದು ದವಾಖಾನೆಯಲ್ಲಿ ಎದೆಯ ಪರೀಕ್ಷೆ ಮಾಡುವ ಟೆಕ್ನೀಶಿಯನ್ ಆದ. ಬೆಳಗಿನಿಂದ ಅವನು ಒಬ್ಬೊಬ್ಬರ ಏಟು ಎಣಿಸುತ್ತಿದ್ದ. ಎಣಿಸಬಾರದು ಎಂದುಕೊಂಡಷ್ಟೂ ಲೆಕ್ಕ ತಾನಾಗಿಯೇ ನಡೆದಿತ್ತು.

ಹೆಣ ಬಂತು. ಕುಣಿಗೆ ಇಳಿಸಿ, ಎಲೆ ಅಡಿಕೆ ಇಟ್ಟರು. ಮಣ್ಣು ಕೊಡಲು ಎಲ್ಲರೂ ಬಗ್ಗುವಾಗ ತಿಮ್ಮಣ್ಣನ ಹೆಂಡತಿ ಅಂಬವ್ವ ಕೈ ಎತ್ತಿ ತಡೆದಳು. ಸೆರಗಿನೊಳಗಿಂದ ಲ್ಯಾಮಿನೇಶನ್ ಮಾಡಿಸಿದ ಒಂದು ಹಾಳೆ ತೆಗೆದು ಸೋಮಲಿಂಗನ ಕೈಗಿಟ್ಟಳು.

"ಸೋಮಲಿಂಗಾ, ಇದನ್ನ ಒಮ್ಮಿ ಓದಿ ಹೇಳು. ಆಮ್ಯಾಲ ಅವನ ಎದಿ ಮ್ಯಾಲ ಇಡೂಣು. ದೇವರ ಪಟದ ಬಾಜೂಕ ಇಟ್ಕೊಂಡಿದ್ದ."

"ಈಗ್ಯಾಕತ್ತಿ?"

"ಮೊನ್ನಿ ದೊಡ್ಡ ದವಾಖಾನ್ಯಾಗ ಡಾಕ್ಟರು ಬೈದ್ರು. ಹತ್ತು ವರ್ಷದಿಂದ ಎದ್ಯಾಗ ಕಲ್ಲಿನ ಪುಡಿ ಕುಂತೈತಿ, ಏನ್ ಮಾಡ್ತಿದ್ರಿ ಅಂದ್ರು. ಚಲೋ ಐತಿ ಅಂತ ಚೀಟಿ ಐತ್ರಿ ಅಂದೆ. ಅವರು ಚೀಟಿ ನೋಡಲಿಲ್ಲ. ಎರಡ್ರಾಗ ಯಾವುದು ಖರೆ? ನೀ ಹೇಳಿದ್ರ ನಂಬ್ತೇನಿ."

ಹಾಳೆಯ ಕೆಳಗೆ ಸೋಮಲಿಂಗನದೇ ಸಹಿ ಇತ್ತು.

*

ಆರು ವರ್ಷದ ಹಿಂದೆ ಕ್ವಾರಿಯ ಶೆಡ್ಡಿನಲ್ಲಿ ಸಂಶೋಧನೆಯ ಶಿಬಿರ ನಡೆದಿತ್ತು. ಬೇರೆ ಊರಿನ ದೊಡ್ಡ ಡಾಕ್ಟರು, ಊದಿಸಿ ಉಸಿರು ಅಳೆಯುವ ಹೊರದೇಶದ ಯಂತ್ರ. ಊದಿದವರಿಗೆಲ್ಲ ಒಂದು ಬಿಸ್ಕತ್ತಿನ ಪೊಟ್ಟಣ. ನಮ್ಮ ಸೋಮಲಿಂಗನೇ ಅಳೆಯುತ್ತಾನೆ ಎಂದು ತಿಮ್ಮಣ್ಣ ಕ್ವಾರಿಯ ಜನರನ್ನೆಲ್ಲ ಕರೆತಂದಿದ್ದ.

"ಬಂಡಿಗಲ್ಲ ಬಡದು ನೋಡ್ತೇವಲ್ಲ, ಒಳಗ ಬಿರುಕಿದ್ರ ಡಬ್ ಅಂತೈತಿ," ಎಂದ, ಸರದಿ ಬಂದಾಗ. "ನನ್ನ ಎದೀನೂ ಈಗೀಗ ಹಂಗ ಅಂತೈತಿ. ಸುಮಾರೈತಿ ಅಂದ್ರ ಹೇಳಿಬಿಡೋ. ಗುಡೂರಾಗ ನಿಮ್ಮತ್ತಿ ಅಣ್ಣ ಕುರಿ ಕಾಯಾಕ ಕರದಾನ. ನಾಳೆನ ಡ್ರಿಲ್ ಬಿಡ್ತೇನಿ."

ತಿಮ್ಮಣ್ಣ ಊದಿದ. ಯಂತ್ರ ವಯಸ್ಸು, ಎತ್ತರ ಕೇಳಿದ ಮೇಲೆ ಜನಾಂಗ ಯಾವುದೆಂದು ಕೇಳುತ್ತಿತ್ತು. ಸೋಮಲಿಂಗ ಕೈತಪ್ಪಿ ಮೊದಲ ಸಾಲು, ಬಿಳಿಯರದು, ಒತ್ತಿದ. ನೂರಕ್ಕೆ ಅರವತ್ತೆಂಟು ಎಂದು ಕೆಂಪು ಅಕ್ಷರದಲ್ಲಿ ಬಂತು. ಗಾಬರಿಯಾಗಿ ಡಾಕ್ಟರಿಗೆ ತೋರಿಸಿದ.

"ಇಂಗ್ಲಿಷರ ಎದೆ ಹಾಕಿದ್ದೀಯಲ್ಲಯ್ಯಾ," ಎಂದು ಅವರು ನಕ್ಕರು. "ನಮ್ಮ ದೇಶದವರ ಪುಪ್ಪುಸ ಹುಟ್ಟಿನಿಂದಲೇ ಚಿಕ್ಕದು. ಕಲ್ಲೊಡೆಯುವ ಈ ಜನರದ್ದಂತೂ ಇನ್ನೂ ಚಿಕ್ಕದು. ಅವರಿಗೆ ನೂರು ಇದ್ದರೆ ಇವರಿಗೆ ಎಂಬತ್ತೈದು ಸಾಕು. ಸಾಲು ಬದಲಿಸು."

ಬದಲಿಸಿದ. ಅದೇ ಉಸಿರು ಎಂಬತ್ತಾಯಿತು. ಎಂಬತ್ತು ಬಂದರೆ ಪಾಸು.

"ನಮ್ಮ ಜನದ್ದು ಚಿಕ್ಕದಂತ ಯಾರನ್ನ ಅಳದು ಬರದಾರ್ರಿ ಸರ್?"

"ಪುಸ್ತಕದಲ್ಲಿದೆ."

ಸೋಮಲಿಂಗ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾವನನ್ನು ನೋಡಿದ. ಇಳಕಲ್ಲಿನ ಯಾವ ಅಂಗಡಿಯ ಬನಿಯನ್ನಿಗೂ ಹಿಡಿಸದ ಎದೆ ಅದು. ಆದರೂ ಕಣ್ಣಿಗಿಂತ ಪುಸ್ತಕ ದೊಡ್ಡದೆಂದು ನಂಬಿದ. ಓದಿದವರ ಹಣೆಬರಹವೇ ಅಷ್ಟು.

"ಎದಿ ಚಲೋ ಐತಿ ಮಾವಾ," ಎಂದು ಚೀಟಿ ಕೊಟ್ಟ. ತಿಮ್ಮಣ್ಣ ಮರುದಿನ ಡ್ರಿಲ್ಲಿಗೆ ಹೋದ. ಡಾಕ್ಟರು ಮತ್ತೆ ಬರಲಿಲ್ಲ. ಈ ಭಾಗದ ಕಲ್ಲು ಕೆಲಸಗಾರರ ಎದೆ ಗಟ್ಟಿಯಾಗಿದೆ ಎಂದು ಅವರ ಲೇಖನ ಎಲ್ಲೋ ಅಚ್ಚಾಯಿತಂತೆ.

*

ಎರಡು ವರ್ಷದ ಹಿಂದೆ ಸೋಮಲಿಂಗನ ದವಾಖಾನೆಗೆ ಹೊಸ ಯಂತ್ರ ಬಂತು. ಅದರಲ್ಲಿ ಜನಾಂಗದ ಸಾಲೇ ಇರಲಿಲ್ಲ. ಕಲಿಸಲು ಬಂದವನನ್ನು ಕೇಳಿದ.

"ಆ ಲೆಕ್ಕ ತಪ್ಪು ಅಂತ ತಗದಾರ್ರಿ," ಎಂದು ಅವನು ಮುಂದಿನ ಗುಂಡಿ ತೋರಿಸಿದ.

ಆ ವಾರ ಸೋಮಲಿಂಗ ಇಳಕಲ್ಲಿಗೆ ಹೋದ. ಮಾವ ಮೆಟ್ಟಿಲು ಹತ್ತಿ ಬಂದು, ಮಾತಾಡಲಾರದೆ ಬಾಗಿಲು ಹಿಡಿದು ನಿಂತು, ಆಮೇಲೆ ಪಟದ ಪಕ್ಕದ ಚೀಟಿ ತೋರಿಸಿ ನಕ್ಕ. "ನೀ ಕೊಟ್ಟ ಧೈರ್ಯದ ಮ್ಯಾಲ ನಡದೈತಿ," ಎಂದ. ಸೋಮಲಿಂಗ ಚಹಾ ಕುಡಿದು ಬಸ್ಸು ಹತ್ತಿದ. ನಾಚಿಕೆ ಅವನ ಬಾಯಿ ಕಟ್ಟಿತ್ತು. ಮತ್ತೆ ಹೋದಾಗಲೂ ಕಟ್ಟಿತ್ತು.

*

"ಓದೋ," ಎಂದಳು ಅಂಬವ್ವ.

"ಸುಳ್ಳೈತಿ ಅತ್ತಿ."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಬಿಳಿಯರ ನೂರು, ನಮ್ಮವರ ಎಂಬತ್ತೈದು, ಕೆಂಪು ಅಕ್ಷರದ ಅರವತ್ತೆಂಟು, ಎಲ್ಲ ಹೇಳಿದ. ಹೊಸ ಯಂತ್ರದ್ದನ್ನೂ ಹೇಳಿದ. ಕುಣಿಯ ಸುತ್ತ ನಿಂತವರು ಹಿಡಿ ಮಣ್ಣು ಹಿಡಿದುಕೊಂಡೇ ಕೇಳಿದರು.

"ಎರಡು ವರ್ಷಾತು ನಿನಗ ಗೊತ್ತಾಗಿ," ಎಂದಳು ಅಂಬವ್ವ.

"ಹೌದತ್ತಿ."

"ಆ ಡಾಕ್ಟರಿಗೆ ನಾವು ಯಾರೋ. ನಿನಗ?"

ಅಂಬವ್ವ ಅವನ ಕೈಯಿಂದ ಹಾಳೆ ಕಿತ್ತುಕೊಂಡು ಮತ್ತೆ ಸೆರಗಿನೊಳಗೆ ಸೇರಿಸಿದಳು. "ಇದು ಅವನ ಕೂಡ ಹೋಗೂದು ಬ್ಯಾಡ," ಎಂದು, ತಾನೇ ಮೊದಲ ಹಿಡಿ ಮಣ್ಣು ಹಾಕಿದಳು. ಸೋಮಲಿಂಗ ಮಣ್ಣು ಹಾಕುವಾಗ ಮುಖ ತಿರುಗಿಸಿದಳು.

ಕುಣಿ ಮುಚ್ಚಿದ ಮೇಲೆ ಕೈಕಾಲು ತೊಳೆಯಲು ಎಲ್ಲರೂ ನಳದ ಕಡೆ ನಡೆದರು. ಸೋಮಲಿಂಗ ಕೊನೆಯಲ್ಲಿದ್ದ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹನಮಂತಪ್ಪ ನಳ ತಿರುಗಿಸಲು ಹೋದವನು ತಿರುಗಿಸದೆ ನಿಂತ.

"ಸೋಮಲಿಂಗಾ, ನನಗೂ ಒಂದು ಚೀಟಿ ಕೊಟ್ಟಿದ್ದಿಯಲ್ಲ. ಎಂಬತ್ತನಾಕು ಅಂತಿತ್ತು. ನಂದು ಖರೆ ಎಷ್ಟು?"

ಆ ಲೆಕ್ಕವನ್ನು ಸೋಮಲಿಂಗ ಎರಡು ವರ್ಷದ ಹಿಂದೆಯೇ ಮಾಡಿಟ್ಟಿದ್ದ, ಒಬ್ಬೊಬ್ಬರದೂ.

"ಎಪ್ಪತ್ತೊಂದು," ಎಂದ. "ಅದು ಆಗಿನದು."

"ನಂದು?" ಎಂದ ಮುಜಮ್ಮಿಲ.

ನಳದ ಸುತ್ತ, ಅಂದು ಚೀಟಿ ಪಡೆದ ಹನ್ನೊಂದು ಜನ ಅವನ ಬಾಯನ್ನೇ ನೋಡುತ್ತ ನಿಂತಿದ್ದರು. ಅವರ ಕೈಯ ಮೇಲೆ ತಿಮ್ಮಣ್ಣನ ಕುಣಿಯ ಮಣ್ಣು ಒಣಗಿ ಬೆಳ್ಳಗಾಗುತ್ತಿತ್ತು.