ಎಡ ಮಗ್ಗುಲಿನ ಲೆಕ್ಕ

ನನ್ನ ಹೆಂಡತಿ ಸಿಟಿ ಬಸ್ಸು ಓಡಿಸುತ್ತಾಳೆ. ಈ ಸಂಗತಿ ಶುರುವಾದಾಗ ಮಾತ್ರ ಓಡಿಸುತ್ತಿರಲಿಲ್ಲ. ಡಿಪೋದ ಒಂದು ಕಿಟಕಿಯ ಹಿಂದೆ ಕೂತು, ಪ್ರಯಾಣಿಕರು ಸೀಟಿನಲ್ಲಿ ಮರೆತುಹೋದ ಕೊಡೆಗಳನ್ನು ಕಾಯುತ್ತಿದ್ದಳು. ಇನ್ಸುಲಿನ್ ಪಂಪು ಹಾಕಿಸಿಕೊಂಡ ಮೇಲೆ ಸಾರಿಗೆ ಸಂಸ್ಥೆಯ ಡಾಕ್ಟರು ಹಾಗೆ ಬರೆದುಕೊಟ್ಟಿದ್ದರು. ತೋಳಿಗೆ ಅಂಟಿಸಿದ ಸೆನ್ಸರು ಎರಡು ವಾರ ಹಗಲೂ ರಾತ್ರಿ ಅವಳ ಸಕ್ಕರೆ ಅಳೆಯಬೇಕು. ಅಷ್ಟರಲ್ಲಿ ಒಂದು ಸಲವೂ ಎಪ್ಪತ್ತರ ಕೆಳಗೆ ಇಳಿಯಬಾರದು. ಇಳಿಯದಿದ್ದರೆ ಬಸ್ಸು. ಇಳಿದರೆ ಇನ್ನಾರು ತಿಂಗಳು ಕೊಡೆ.

"ಕೊಡೆಗಳಿಗೆ ಹಾರ್ನ್ ಹೊಡೆಯೋಕೂ ಆಗಲ್ಲ ರೀ" ಎಂದಳು ಮೊದಲ ದಿನ ಮನೆಗೆ ಬಂದು. ಡಿಪೋದಲ್ಲಿ ಅವಳನ್ನು ಎಲ್ಲರೂ ಎಕ್ಸ್‌ಪ್ರೆಸ್ ಅಕ್ಕ ಅನ್ನುತ್ತಿದ್ದರು. ಈಗಲೂ ಅನ್ನುತ್ತಾರಂತೆ, ಆದರೆ ಸ್ವಲ್ಪ ಮೆತ್ತಗೆ.

ಪಂಪಿನ ಲೆಕ್ಕ ನನ್ನ ಪಾಲಿಗೆ ಬಂತು. ಮನೆಯಲ್ಲೇ ಕೂತು ಹೊಲಿಗೆ ಯಂತ್ರ ರಿಪೇರಿ ಮಾಡುವವನು ನಾನು. ಓದಿದ್ದೆಲ್ಲ ಸಂಜೆ ತರಗತಿಗಳಲ್ಲಿ. ಪಂಪು ಹಾಕಿಸಿಕೊಂಡವರ ಮನೆಯವರಿಗೆ ಕ್ಲಿನಿಕ್ಕಿನವರು ಸಂಜೆ ತರಗತಿ ನಡೆಸುತ್ತಾರೆಂದು ಗೊತ್ತಾದಾಗ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚು ಹಿಡಿದೆ. ಪಾಠ ಹೇಳಿದ್ದು ಸಿಸ್ಟರ್. ಪಂಪು ಇಡೀ ದಿನ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಿರುತ್ತದೆ. ಯಾವ ಗಂಟೆಗೆ ಎಷ್ಟು ಎಂಬುದನ್ನು ಫೋನಿನಲ್ಲಿ ಮೂಡುವ ಸೆನ್ಸರಿನ ಗೆರೆ ನೋಡಿ ತೀರ್ಮಾನಿಸಬೇಕು. ಗೆರೆ ಇಳಿಯುವ ಹೊತ್ತಿನಲ್ಲಿ ಡೋಸ್ ಕಡಿಮೆ ಮಾಡಿ, ಏರುವ ಹೊತ್ತಿನಲ್ಲಿ ಜಾಸ್ತಿ ಮಾಡಿ. ಒಂದು ಸಲಕ್ಕೆ ಒಂದು ಚೂರು ಮಾತ್ರ, ಆಮೇಲೆ ಎರಡು ದಿನ ಕಾಯಿರಿ, ನನಗೆ ಮೆಸೇಜು ಮಾಡಿ. "ಅನುಮಾನ ಬಂದರೆ ಬೆರಳು ಚುಚ್ಚಿ ನೋಡಿ" ಎಂದೂ ಹೇಳಿದ್ದರು. ಇದು ನನಗೆ ತೊಡಕಾಯಿತು. ನನಗೆ ಅನುಮಾನ ಯಾವಾಗಲೂ ಇರುತ್ತದೆ. ಸಿಸ್ಟರ್ ಹೇಳಿದ್ದು ಇದಕ್ಕಿಂತ ದೊಡ್ಡ ಅನುಮಾನದ ವಿಷಯ ಇರಬೇಕು ಎಂದುಕೊಂಡು ಸುಮ್ಮನಾದೆ.

ಸೆನ್ಸರು ಅಂಟಿಸಿದ ಮೊದಲ ದಿನವೇ ಮಧ್ಯಾಹ್ನ ನನ್ನ ಫೋನು ಕಿರುಚಿತು. ಹೆಂಡತಿ ಡಿಪೋದ ಬೆಳಗಿನ ಪಾಳಿ ಮುಗಿಸಿ ಬಂದು, ಊಟ ಮಾಡಿ ಸೋಫಾದ ಮೇಲೆ ಮಲಗಿದ್ದಳು. ಅರವತ್ತೊಂದು. ನಾನು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಓಡಿ ಅವಳನ್ನು ಎಬ್ಬಿಸಿ ಹಣ್ಣಿನ ರಸ ಕುಡಿಸಿದೆ.

"ನಂಗೇನೂ ಆಗ್ತಿಲ್ಲ ರೀ. ನಡುಕ ಇಲ್ಲ, ಬೆವರಿಲ್ಲ."

"ಯಂತ್ರ ಹೇಳ್ತಿದೆಯಲ್ಲ."

"ಯಂತ್ರಕ್ಕೆ ನಿದ್ದೆ ಬೇಡ, ನಂಗೆ ಬೇಕು."

ಅಪ್ಪ ತಮ್ಮ ಕುರ್ಚಿಯಿಂದಲೇ ನೋಡಿದರು. "ನಾನು ಓಡಿಸ್ತಿದ್ದ ಲಿಫ್ಟೂ ಜನ ಜಾಸ್ತಿ ಆದಾಗ ಹಿಂಗೇ ಕೂಗ್ಕೊಳ್ತಿತ್ತು ಕಣೋ. ಯಾರಾದ್ರೂ ಒಬ್ರು ಇಳಿದ್ರೆ ಸರಿಹೋಗ್ತಿತ್ತು."

ಇಳಿಯುವವರು ಯಾರೂ ಇರಲಿಲ್ಲ. ಮಾರನೇ ದಿನವೂ ಅದೇ ಹೊತ್ತಿಗೆ ಅದೇ ಕಿರುಚಾಟ. ಗಂಟೆಗೆ ಸೊನ್ನೆ ಪಾಯಿಂಟ್ ಎಂಟು ಯೂನಿಟ್ ಇದ್ದ ಮಧ್ಯಾಹ್ನದ ಡೋಸನ್ನು ಪಾಯಿಂಟ್ ಏಳು ಮಾಡಿದೆ, ಸಿಸ್ಟರಿಗೆ ಮೆಸೇಜು ಮಾಡಿದೆ, ಎರಡು ದಿನ ಕಾದೆ. ಆಗಲೂ ಇಳಿಯಿತು. ಪಾಯಿಂಟ್ ಆರು ಮಾಡಿದೆ. ಸಂಜೆ ಆಗುತ್ತಲೇ ಗೆರೆ ಇನ್ನೂರೈವತ್ತಕ್ಕೆ ಹಾರತೊಡಗಿತು. ಅವಳಿಗೆ ಬಾಯಾರಿಕೆ, ತಲೆಭಾರ, ಮೂಗಿನ ತುದಿಯಲ್ಲಿ ಕೋಪ. ಕೆಳಗೆ ಇಳಿದರೂ ನನ್ನ ತಪ್ಪು, ಮೇಲೆ ಹೋದರೂ ನನ್ನ ತಪ್ಪು ಎಂದು ನನಗೆ ಅನ್ನಿಸುತ್ತಿತ್ತು. ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಭಾನುವಾರ ಮಾತ್ರ ಗೆರೆ ಹಾಸಿದ ಹಲಗೆಯಂತೆ ನೆಟ್ಟಗಿತ್ತು. ಲೆಕ್ಕ ಸಿಕ್ಕಿತು ಎಂದು ನಾನು ಅವಳಿಗೆ ಹೇಳಿದೆ. ಅಂದು ಮಧ್ಯಾಹ್ನ ಅಪ್ಪ ಕ್ಷೌರಕ್ಕೆ ಹೋಗಿದ್ದರು. ಆ ಎರಡಕ್ಕೂ ಸಂಬಂಧವಿದೆ ಎಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಸೋಮವಾರ ಐವತ್ತೆಂಟು.

ಆಗ ಸಿಸ್ಟರ್ ತಾವಾಗೇ ಫೋನು ಮಾಡಿದರು.

"ಇನ್ನು ಡೋಸ್ ಮುಟ್ಟಬೇಡಿ. ಬೆರಳು ಚುಚ್ಚಿ ನೋಡಿದ್ರಾ?"

"ಇಲ್ಲ ಸಿಸ್ಟರ್."

"ಯಾವ ಮಗ್ಗುಲಿಗೆ ಮಲಗ್ತಾರೆ?"

"ನೋಡಿಲ್ಲ ಸಿಸ್ಟರ್."

"ಹೆಂಡ್ತೀನ ನೋಡದೆ ಫೋನ್ ನೋಡ್ತಾ ಕೂತಿದ್ರಾ?"

ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ ಎಂದು ಯಂತ್ರ ಹೊತ್ತು ತಂದವರನ್ನು ನಾನು ಮೊದಲು ಕೇಳುವುದೇ ಸೂಜಿ ಸರಿಯಾಗಿ ಕೂರಿಸಿದ್ದೀರಾ ಎಂದು. ಹೋಗಿ ನೋಡಿದೆ. ಅವಳು ಎಡ ಮಗ್ಗುಲಿಗೆ, ಸೋಫಾದ ಬೆನ್ನಿಗೆ ಮುಖ ಹಾಕಿ ಮಲಗಿದ್ದಳು. ಸೆನ್ಸರು ಇದ್ದದ್ದು ಎಡ ತೋಳಿನಲ್ಲಿ. ಇಡೀ ದೇಹದ ಭಾರ ಅದರ ಮೇಲಿತ್ತು. ಫೋನು ಅರವತ್ತು ಎಂದಿತು; ಬೆರಳು ಚುಚ್ಚಿದರೆ ನೂರ ಮೂವತ್ತು.

"ತೋಳು ಅದುಮಿದ್ರೆ ಸೆನ್ಸರ್ ಸುಳ್ಳು ಹೇಳುತ್ತೆ" ಎಂದರು ಸಿಸ್ಟರ್. "ಅದನ್ನ ನಂಬ್ಕೊಂಡು ನೀವು ಇನ್ಸುಲಿನ್ ಕಡಿಮೆ ಮಾಡಿ, ಮೇಲೆ ರಸ ಬೇರೆ ಕುಡಿಸಿದೀರಿ. ಸಂಜೆ ಏರದೆ ಇನ್ನೇನಾಗುತ್ತೆ? ಡೋಸ್ ಮೊದಲಿನ ಹಾಗೇ ಮಾಡಿ. ಮಗ್ಗುಲು ಬದಲಾಯಿಸಿ."

ಸಾರಿಗೆಯ ಡಾಕ್ಟರು ಇದನ್ನು ಕೇಳಿ, ಹೊಸದಾಗಿ ಎರಡು ವಾರದ ಗೆರೆ ತನ್ನಿ, ಇದೇ ಕೊನೆ ಎಂದರು. ಸೆನ್ಸರನ್ನು ಬಲ ತೋಳಿಗೆ ಹಾಕುವಂತಿರಲಿಲ್ಲ. ಅಲ್ಲಿ ಬಸ್ಸಿನ ರೇಡಿಯೇಟರಿನ ಬಿಸಿನೀರು ಹಾರಿದ ಹಳೆಯ ಗಾಯದ ಕಲೆ ಇದೆ, ಏನೂ ಅಂಟುವುದಿಲ್ಲ. ಒಳಗಿನ ಕೋಣೆ ಮಧ್ಯಾಹ್ನ ಒಲೆಯ ಹಾಗೆ ಕಾಯುತ್ತದೆ. ಸೋಫಾದಲ್ಲಿ ತಲೆ ಇನ್ನೊಂದು ತುದಿಗೆ ಹಾಕಿ ಮಲಗಿದರೆ ಬಲ ಮಗ್ಗುಲಲ್ಲೂ ಬೆನ್ನಿಗೇ ಮುಖ ಬರುತ್ತದೆ ಎಂದು ಚಿತ್ರ ಬರೆದು ಕಂಡುಹಿಡಿದೆ. ಆ ತುದಿಯ ಸ್ಪ್ರಿಂಗ್ ಕುಸಿದಿದೆ. ಒಂದು ದಿನ ಮಲಗಿದ್ದಕ್ಕೆ ಅವಳ ಕತ್ತು ಹಿಡಿಯಿತು.

"ಈ ಕಡೆ ತಿರುಗಿ ಮಲಗೋಕೆ ಏನು ಕಷ್ಟ ನಿಂಗೆ?" ಎಂದು ಕೇಳಿದೆ.

ಅವಳು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ನಲ್ಲಿ ಜೋರಾಗಿ ಬಿಟ್ಟಳು. "ಈ ಕಡೆ ತಿರುಗಿದ್ರೆ ಮಾವ ಮಾತಾಡ್ತಾರೆ ರೀ."

ಅಪ್ಪ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ಆಪರೇಟರ್ ಆಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ಶುರು ಮಾಡಿದ ಯಾವ ಮಾತೂ ಮುಗಿಯಲಿಲ್ಲ. ಕೇಳುತ್ತಿದ್ದವರ ಮಹಡಿ ಬಂದುಬಿಡುತ್ತಿತ್ತು. ನಿವೃತ್ತಿಯಾದ ಮೇಲೆ ಮಹಡಿಗಳೇ ಬರುವುದಿಲ್ಲ. ಆದರೆ ಒಂದು ಶಿಸ್ತನ್ನು ಮಾತ್ರ ಅವರು ಬಿಟ್ಟಿಲ್ಲ: ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತವರನ್ನು ಮಾತಾಡಿಸಬಾರದು. ಅಂಗಾತ ಮಲಗಿದವರು ಕೇಳುತ್ತಿದ್ದಾರೆ ಎಂದೇ ಅವರ ಲೆಕ್ಕ. ಇದನ್ನು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ ಪತ್ತೆಹಚ್ಚಿ, ಅಂದಿನಿಂದ ಸೋಫಾದ ಬೆನ್ನು ನೋಡಿಕೊಂಡು ಮಲಗುತ್ತಿದ್ದಳು. ನನಗೆ ಗೊತ್ತೇ ಇರಲಿಲ್ಲ. ಭಾನುವಾರದ ಗೆರೆಗೂ ಅಪ್ಪನ ಕ್ಷೌರಕ್ಕೂ ಏನು ಸಂಬಂಧ ಎಂಬುದು ನಲ್ಲಿಯ ಮುಂದೆ ನಿಂತಾಗ ಅರ್ಥವಾಯಿತು.

"ಅಪ್ಪಂಗೆ ಹೇಳ್ಲಾ?"

"ನೀವು ಹೇಳಿದ್ರೆ ನಾನು ಕೊಡೆ ಹತ್ರಾನೇ ಇರ್ತೀನಿ. ಪಾಪ, ಅವರಿಗೆ ಬೇಜಾರಾಗುತ್ತೆ."

ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಇವಳು ಎರಡು ವಾರ ಮಧ್ಯಾಹ್ನ ಈ ಕಡೆ ತಿರುಗಿಯೇ ಮಲಗಬೇಕು, ಸಿಸ್ಟರ್ ಹೇಳಿದ್ದಾರೆ. ಅಪ್ಪ ಕುರ್ಚಿಯನ್ನು ಸೋಫಾದ ಹತ್ತಿರಕ್ಕೆ ಎಳೆದುಕೊಂಡರು.

"ಆಸ್ಪತ್ರೆಯವರೇ ಹೇಳಿದ ಮೇಲೆ ಇನ್ನೇನು. ಕೇಳಮ್ಮ, ಒಬ್ಬ ಆಳೆತ್ತರದ ಕನ್ನಡಿ ಹೊತ್ಕೊಂಡು ಲಿಫ್ಟ್ ಹತ್ತಿದ. ಎರಡನೇ ಮಹಡೀಲಿ ಇನ್ನೊಬ್ಬ ಬಂದ. ಒಳಗೆ ಕಾಲಿಡ್ತಾನೆ, ಎದುರಿಗೆ ಯಾರೋ ಬರ್ತಿದಾರೆ. ದಾರಿ ಬಿಡ್ತಾನೆ. ಅವನೂ ದಾರಿ ಬಿಡ್ತಾನೆ."

"ಆಮೇಲೆ ಮಾವ?" ಎಂದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ.

ಅಪ್ಪ ಗಾಬರಿಯಾದರು. ಆಮೇಲೆ ಎಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆ ದಿನ ಕನ್ನಡಿಯವನು ಮೂರನೇ ಮಹಡಿ ದಾಟಲಿಲ್ಲ, ಅವಳಿಗೆ ನಿದ್ದೆಯೂ ಬರಲಿಲ್ಲ. ಗೆರೆ ನೂರಿಪ್ಪತ್ತರಲ್ಲಿ ನೆಟ್ಟಗೆ ಹೋಯಿತು. ನಾನು ಬೆರಳು ಚುಚ್ಚಿ ನೋಡಿದೆ, ಹೊಂದುತ್ತಿತ್ತು. ಸರಿಯಾಗಿ ಚುಚ್ಚಿದೆನೋ ಇಲ್ಲವೋ ಎಂದು ಇನ್ನೊಂದು ಬೆರಳನ್ನೂ ಚುಚ್ಚಿದೆ.

"ನಾಳೆ ನಿಮ್ಮ ಬೆರಳು ಚುಚ್ಕೊಳ್ಳಿ" ಎಂದಳು.

ಎರಡನೆಯ ವಾರದ ಹೊತ್ತಿಗೆ ಅವಳು ಕಥೆಯ ನಡುವೆಯೇ ನಿದ್ದೆ ಹೋಗುವುದನ್ನು ಕಲಿತಳು. ಅವಳು ನಿದ್ದೆ ಹೋದಲ್ಲಿ ಅಪ್ಪ ಕಥೆ ನಿಲ್ಲಿಸಿ, ಮಾರನೇ ದಿನ ಅದೇ ಮಾತಿನಿಂದ ಮುಂದುವರಿಸುತ್ತಿದ್ದರು. ಒಂದು ಕಿರುಚಾಟವೂ ಇಲ್ಲದೆ ಎರಡೂ ವಾರ ಕಳೆದವು.

ಸಾರಿಗೆಯ ಡಾಕ್ಟರು ಗೆರೆಯ ಮೇಲೆ ಬೆರಳಾಡಿಸುತ್ತ ಮಧ್ಯಾಹ್ನದ ಹತ್ತಿರ ನಿಂತರು. "ಚೆನ್ನಾಗಿದೆ. ಡೋಸ್ ಎಷ್ಟು ಮಾಡಿದ್ರಿ?"

"ಮೊದಲು ಇದ್ದಷ್ಟೇ ಸಾರ್."

"ಮತ್ತೆ ಏನು ಬದಲಾಯಿಸಿದ್ರಿ?"

ನನಗಿಂತ ಮೊದಲು ಅವಳೇ ಹೇಳಿದಳು: "ಮಾವನ ಕಡೆ ತಿರುಗಿದೆ ಸಾರ್."

ಡಾಕ್ಟರು ಅದನ್ನು ಬರೆದುಕೊಳ್ಳಲಿಲ್ಲ. ಸಹಿ ಮಾತ್ರ ಹಾಕಿದರು.

ಬಸ್ಸು ಸಿಕ್ಕ ಮೊದಲ ದಿನ ಅಪ್ಪ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡಿಪೋಗೆ ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಕನ್ನಡಿಯವನು ಇನ್ನೂ ಏಳನೇ ಮಹಡಿಯಲ್ಲಿದ್ದ. ಅವರ ತಲೆಯ ಮೇಲೇ ಒಂದು ಫಲಕವಿತ್ತು: ಬಸ್ಸು ಚಲಿಸುತ್ತಿರುವಾಗ ಚಾಲಕರೊಂದಿಗೆ ಮಾತನಾಡಬಾರದು. ಅಪ್ಪ ಅದನ್ನು ಎರಡು ಸಲ ಓದಿ, ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲವಂತೆ.

ಮನೆಯಲ್ಲಿ ನನ್ನ ಫೋನು ನೂರ ಹದಿನೆಂಟು ಎನ್ನುತ್ತಿತ್ತು. ಅಂಕಿಯ ಪಕ್ಕದ ಬಾಣ ಏರದೆ ಇಳಿಯದೆ ನೆಟ್ಟಗಿತ್ತು. ಅಷ್ಟು ನೆಟ್ಟಗಿದ್ದದ್ದೇ ನನಗೆ ಅನುಮಾನ. ಬಸ್ಸು ಕೊನೆಯ ಸ್ಟಾಪಿಗೆ ಬಂದಿರಬೇಕು ಎನ್ನಿಸಿದಾಗ ಫೋನು ಮಾಡಿದೆ.

"ಬೆರಳು ಚುಚ್ಚಿ ನೋಡ್ಕೊಂಡ್ಯಾ?"

"ರೀ, ಬಸ್ಸು ನಿಂತಿದೆ. ಮಾವ ಎಂಟನೇ ಮಹಡಿಗೆ ಬಂದಿದಾರೆ. ಫೋನ್ ಇಡಿ."