ಸರಿ, ಮುಂದಿನದು

ಗುಂಡಮ್ಮ ಅಪ್ಪನ ಮನೆಯಲ್ಲಿ ಬೆಳೆಯಬೇಕೋ ಅಮ್ಮನ ಮನೆಯಲ್ಲೋ ಎಂದು ನೋಡಿ ಹೇಳುವವರ ಬಳಿಗೆ ಹೋಗಬೇಕಿದ್ದ ದಿನ, ಬೆಳಿಗ್ಗೆಯೇ ಅಜ್ಜಿ ಹಾಲು ಉಕ್ಕಿಸಿಬಿಟ್ಟರು. ಒಲೆ ಒರೆಸುತ್ತ ಮಗಳನ್ನು, ಗುಂಡಮ್ಮನ ತಾಯಿಯನ್ನು, ಕೇಳಿದರು.

"ಅಲ್ವೇ, ನೀನೂ ಮನಸ್ಸಿನ ಡಾಕ್ಟರು, ನಿನ್ನ ಗಂಡನೂ ಮನಸ್ಸಿನ ಡಾಕ್ಟರು, ಈಗ ನೋಡೋಳೂ ಮನಸ್ಸಿನ ಡಾಕ್ಟರು. ಮೂರು ಜನ ಸೇರಿದ್ರೂ ಒಂದು ಮಗು ಮನಸ್ಸು ಗೊತ್ತಾಗಲ್ವಾ?"

"ಡಾಕ್ಟರಲ್ಲಮ್ಮ. ಎಷ್ಟು ಸಲ ಹೇಳ್ಲಿ."

"ಮಾತ್ರೆ ಕೊಡಲ್ಲ, ಸೂಜಿ ಚುಚ್ಚಲ್ಲ, ಗೊತ್ತು ಕಣೇ. ಅದಕ್ಕೇ ಯಾರಿಗೂ ವಾಸಿಯಾಗಲ್ಲ."

ಅವಳಿಗೆ ನಗು ಬಂತು. ಮೂವರೂ ಓದಿದ್ದು ಮನಶ್ಶಾಸ್ತ್ರವೇ. ಹಿಡಿದ ದಾರಿ ಮಾತ್ರ ಬೇರೆ. ಅವಳದು ಶಾಲೆ. ತಲೆಗೇ ಹತ್ತುವುದಿಲ್ಲ ಎಂದು ಮೇಷ್ಟರುಗಳು ಕೈಬಿಟ್ಟ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಚಿತ್ರ ತೋರಿಸಿ, ಬಣ್ಣದ ಕಟ್ಟಿಗೆ ತುಂಡುಗಳನ್ನು ಜೋಡಿಸಲು ಹೇಳಿ, ತೊಡಕು ಎಲ್ಲಿದೆ ಎಂದು ಹುಡುಕುವುದು. ಗಂಡ ಕಾರ್ಖಾನೆಯ ಮನಶ್ಶಾಸ್ತ್ರಜ್ಞ. ಯಾರು ಯಾವ ಕೆಲಸಕ್ಕೆ ಒಗ್ಗುತ್ತಾರೆ, ಯಾರು ಮೇಲಧಿಕಾರಿಯಾದರೆ ಕೆಳಗಿನವರು ಉಳಿಯುತ್ತಾರೆ ಎಂದು ಪರೀಕ್ಷಿಸಿ ಹೇಳುವವನು. ಅವನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಇಬ್ಬರೂ ಬೇರೆಯಾಗಿ ವರ್ಷ ಕಳೆದಿದ್ದರೂ ಗುಂಡಮ್ಮ ಎರಡು ಬೀದಿಗಳ ನಡುವೆ ಓಡಾಡಿಕೊಂಡಿದ್ದಳು. ಇನ್ನು ಅದು ಆಗದು. ಇಬ್ಬರೂ ಬಿಟ್ಟುಕೊಡಲಿಲ್ಲ. ನ್ಯಾಯಾಲಯ ವಿಷಯವನ್ನು ತನ್ನ ಮನಶ್ಶಾಸ್ತ್ರಜ್ಞೆಗೆ ಒಪ್ಪಿಸಿತು.

ಆ ಮೇಡಂ ಮೊದಲ ಭೇಟಿಯಲ್ಲೇ ನೇರವಾಗಿ ಹೇಳಿದ್ದರು. "ನಿಮ್ಮಿಬ್ಬರಿಗೂ ಪ್ರಶ್ನೆಪತ್ರಿಕೆ ಕೊಟ್ಟು ಉಪಯೋಗ ಇಲ್ಲ. ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ನಿಮಗೇ ಗೊತ್ತು. ಒಬ್ಬೊಬ್ಬರೇ ಮಗು ಜೊತೆ ಆಡೋದನ್ನ ನೋಡ್ತೀನಿ. ಬರೆಯೋದು ಅದನ್ನೇ."

"ಅಲ್ಲಿ ಹೋಗಿ ಸುಮ್ನೆ ತಾಯಿ ಥರ ಇರು," ಎಂದರು ಅಜ್ಜಿ, ಹೊರಡುವಾಗ.

"ತಾಯಿ ಥರ ಅಂದ್ರೆ ಹೇಗಮ್ಮ?"

ಅಜ್ಜಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತ ಯೋಚಿಸಿದರು. "ನನ್ನ ಕೇಳಿದ್ರೆ? ನಾನೇನು ಓದಿದ್ನಾ?"

ಗುಂಡಮ್ಮ ಹುಟ್ಟುವಾಗ ದುಂಡಗಿದ್ದವಳು ಈಗ ಕಡ್ಡಿಯಂತಾಗಿದ್ದಳು. ಹೆಸರು ಮಾತ್ರ ಅಂಟಿಕೊಂಡಿತ್ತು. ಮೇಡಂ ಅವರ ಆಟದ ಕೋಣೆಯೊಳಗೆ ಕಾಲಿಟ್ಟವಳೇ ಸುತ್ತ ಕಣ್ಣಾಡಿಸಿದಳು. ನೆಲಕ್ಕೆ ರಬ್ಬರ್ ಹಾಸು, ಬೊಂಬೆ ಮನೆ, ಗಾಲಿ ಕಳಚಿದ ಲಾರಿ, ಗೋಡೆಯ ತುಂಬ ಒಂದು ಕನ್ನಡಿ. ಅದು ಆಚೆಯಿಂದ ನೋಡಿದರೆ ಬರೀ ಗಾಜು, ಅಲ್ಲಿ ಮೇಡಂ ನೋಡುತ್ತ ಕೂತಿದ್ದಾರೆಂದು ತಾಯಿಗೆ ಗೊತ್ತು. ಕಪಾಟಿನ ಕೆಳ ಅಂತಸ್ತಿನಲ್ಲಿ ಕೆಂಪು ಬಿಳಿ ಕಟ್ಟಿಗೆ ತುಂಡುಗಳ ಡಬ್ಬಿ ಇತ್ತು.

"ಅಮ್ಮಾ, ನಿನ್ನ ಆಫೀಸಿಂದು!"

ಆಫೀಸಿನಿಂದ ಮನೆಗೆ ತಂದಾಗಲೂ ಅಂಥ ಡಬ್ಬಿಯನ್ನು ಅವಳಿಗೆ ಮುಟ್ಟಲು ಬಿಟ್ಟಿರಲಿಲ್ಲ. ಮೊದಲೇ ಆಡಿ ಅಭ್ಯಾಸವಾದ ಮಗುವಿಗೆ ಮುಂದೆಂದಾದರೂ ಆ ಪರೀಕ್ಷೆ ಬೇಕಾದರೆ ಅದು ಕೆಟ್ಟ ಹಾಗೆ. ಊರ ಮಕ್ಕಳೆಲ್ಲ ಅಮ್ಮನ ಎದುರು ಕೂತು ಜೋಡಿಸುವುದನ್ನು ತಾನು ಮಾತ್ರ ಜೋಡಿಸುವಂತಿಲ್ಲ ಎಂಬುದು ಗುಂಡಮ್ಮನ ಹಳೇ ಸಂಕಟ.

"ಇಲ್ಲಿ ಮುಟ್ಟಬಹುದು," ಎಂದಳು ತಾಯಿ.

"ಹಾಗಾದ್ರೆ ನಾನು ನಿನ್ನ ಆಫೀಸಿಗೆ ಬಂದಿರೋ ಹುಡುಗಿ. ನೀನು ಟೆಸ್ಟ್ ಕೊಡು. ನಿಜವಾಗ್ಲೂ ಕೊಡಬೇಕು, ಮೋಸ ಮಾಡ್ಬಾರ್ದು."

ಮಗು ಕೇಳಿದ ಆಟವನ್ನೇ ಆಡಬೇಕು, ದಾರಿ ಮಗುವೇ ತೋರಿಸಬೇಕು. ಮೇಡಂ ಅದಕ್ಕೂ ಗುರುತು ಹಾಕಿಕೊಳ್ಳುತ್ತಿರಬಹುದು. ತಾಯಿ ಎದುರಿನ ಪುಟ್ಟ ಕುರ್ಚಿಯಲ್ಲಿ ಕೂತಳು. ನಾಲ್ಕು ತುಂಡು ತೆಗೆದು ಒಂದು ಚೌಕ ಮಾಡಿ ತೋರಿಸಿದಳು. ಗುಂಡಮ್ಮ ನಾಲಿಗೆ ಕಚ್ಚಿಕೊಂಡು ಜೋಡಿಸಿದಳು. ಕರೆಕ್ಟಾಗಿತ್ತು.

"ಸರಿ, ಮುಂದಿನದು."

ಮಾತು ತಾನಾಗಿ ಬಂತು. ಇಷ್ಟು ವರ್ಷ ಅಷ್ಟನ್ನೇ ಹೇಳಿ ನಾಲಿಗೆ ಪಳಗಿತ್ತು. ಪರೀಕ್ಷೆ ಮಾಡುವಾಗ ಭೇಷ್ ಎನ್ನುವಂತಿಲ್ಲ, ತಪ್ಪು ಎನ್ನುವಂತಿಲ್ಲ, ಹುಬ್ಬು ಕೂಡ ಅಲ್ಲಾಡಬಾರದು. ಮಗು ಮುಖ ನೋಡಿ ಉತ್ತರ ಕಲಿತುಬಿಡುತ್ತದೆ.

ಎರಡನೆಯದನ್ನು ಜೋಡಿಸುತ್ತ ಗುಂಡಮ್ಮ ತಲೆ ಎತ್ತಿದಳು. "ಸರಿನಾ ಅಮ್ಮ?"

"ನಿನಗೆ ಹೇಗನ್ನಿಸುತ್ತೋ ಹಾಗೆ ಮಾಡು."

ಈಗ ಹೇಳಬೇಕು ಎಂದುಕೊಂಡಳು. ಎಷ್ಟು ಚೆನ್ನಾಗಿ ಮಾಡಿದ್ದೀಯ ಕಂದ ಎನ್ನಬೇಕು. ಆದರೆ ನೋಡುವವರ ಪಟ್ಟಿಯಲ್ಲಿ ಹೊಗಳಿಕೆ ಎಂಬುದಕ್ಕೆ ಒಂದು ಅಂಕ, ಕಣ್ಣಿಗೆ ಕಣ್ಣು ಸೇರಿಸುವುದಕ್ಕೆ ಒಂದು, ಮೈ ಮುಟ್ಟುವುದಕ್ಕೆ ಒಂದು ಎಂದು ಅವಳಿಗೆ ಬಾಯಿಪಾಠವಾಗಿತ್ತು. ಕೆನ್ನೆ ಸವರಲು ಕೈ ಎತ್ತುವ ಮೊದಲೇ ಅದು ಕನ್ನಡಿಗಾಗಿ ಎತ್ತಿದ ಕೈಯಾಗಿ ಕಂಡಿತು. ಮಗಳ ಮೇಲಿನ ಪ್ರೀತಿಯನ್ನು ನಟಿಸಲು ನಾಚಿಕೆಯಾಯಿತು. ನಟನೆಯಲ್ಲದ್ದು ಅಂತ ಉಳಿದದ್ದು ಕಸುಬೊಂದೇ. ಅದನ್ನೇ ಹಿಡಿದುಕೊಂಡು ಕೂತಳು.

"ಸರಿನಾ? ಹೇಳಮ್ಮ."

"ಸರಿ, ಮುಂದಿನದು."

ಮೂರನೆಯದು ಕಷ್ಟದ್ದು. ಗುಂಡಮ್ಮ ತಿರುಗಿಸಿದಳು, ಕೆಡವಿದಳು, ಮತ್ತೆ ಇಟ್ಟಳು. ಆಮೇಲೆ ಮುಖ ನೋಡುವುದನ್ನು ನಿಲ್ಲಿಸಿದಳು. ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಕೈಕಟ್ಟಿ ಕೂತಳು.

"ನಂಗೆ ಬರಲ್ಲ ಮಿಸ್," ಎಂದಳು.

ಆಟಕ್ಕೆ ಹೇಳಿದ್ದೋ ಅಲ್ಲವೋ ತಿಳಿಯಲಿಲ್ಲ. ತಾಯಿ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಮಗುವಿನ ತೋಳು ಕಟ್ಟಿದ ಹಾಗೇ ಇತ್ತು.

ಆಮೇಲೆ ಗಂಡನ ಸರದಿ. ಗೋಡೆಯ ಆಚೆಯಿಂದ ಅವನು ಕತ್ತೆಯಂತೆ ಕೂಗುವುದು, ಗುಂಡಮ್ಮ ಕೇಕೆ ಹಾಕುವುದು ಕೇಳಿಸುತ್ತಿತ್ತು. ನೋಡುವವರ ಮುಂದೆ ಸಹಜವಾಗಿರುವುದು ಹೇಗೆಂದು ಅವನು ಕಾರ್ಖಾನೆಯ ಜನರಿಗೆ ಕಲಿಸುತ್ತಾನೆ. ಆದರೆ ಅವನು ಮನೆಯಲ್ಲೂ ಕತ್ತೆಯಾಗುತ್ತಿದ್ದ. ಸುಳ್ಳೆಂದು ಅವಳು ಹೇಳಲಾರಳು.

ಮರುವಾರ ಮೇಡಂ ಕರೆಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಒಳ್ಳೇ ತಾಯಿ ಅಂತ ನನಗೆ ಅನ್ನಿಸುತ್ತೆ. ಆದ್ರೆ ಅನ್ನಿಸಿದ್ದನ್ನ ಬರೆಯೋ ಹಾಗಿಲ್ಲ. ಮಗು ಕೇಳ್ತಾನೇ ಇತ್ತು, ನೀವು ಉತ್ತರ ಕೊಡಲಿಲ್ಲ. ಕಂಡದ್ದು ಅದು."

"ಅವಳೇ ಕೇಳಿದ ಆಟ ಅದು."

"ಕೇಳಿಸ್ಕೊಂಡೆ. ಅದನ್ನೂ ಬರೀತೀನಿ." ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ಇನ್ನೊಂದು ಸಲ ನೋಡೋಣ ಅಂದ್ರೆ, ಈಗ ನನಗೆ ಏನು ಕಾಣಬೇಕು ಅಂತ ನಿಮಗೆ ಗೊತ್ತಾಗಿಬಿಟ್ಟಿದೆ. ಆ ನೋಟಕ್ಕೆ ಬೆಲೆ ಇರಲ್ಲ. ನೀವೇ ನನ್ನ ಕುರ್ಚಿಯಲ್ಲಿದ್ರೆ?"

ಸುಳ್ಳು ಹೇಳಬಹುದಿತ್ತು. ಅಳಬಹುದಿತ್ತು.

"ಕಂಡದ್ದನ್ನೇ ಬರೀತಿದ್ದೆ," ಎಂದಳು.

ಗುಂಡಮ್ಮ ಅಪ್ಪನ ಜೊತೆ ಹೊಸ ಊರಿಗೆ ಹೋದಳು. ರಜೆ ಬಂದಾಗ ಅಮ್ಮನ ಮನೆಗೆ. ಮೊದಲ ರಜೆಗೆ ತಾಯಿ ಅಂಥದ್ದೇ ಕಟ್ಟಿಗೆ ತುಂಡುಗಳನ್ನು ಅಂಗಡಿಯಿಂದ ತಂದಿಟ್ಟಳು. ಮಗಳು ಅದರ ಕಡೆ ಹೋಗಲಿಲ್ಲ. ಹಾಳೆಯ ಮೇಲೆ ಬಸ್ಸಿನ ಚಿತ್ರ ಬರೆದಳು.

"ಎಷ್ಟು ಚೆನ್ನಾಗಿದೆ ಕಂದ," ಎಂದಳು ತಾಯಿ, ಪಕ್ಕದಲ್ಲಿ ನೆಲಕ್ಕೆ ಕೂತು. "ಈ ಕಿಟಕಿಗಳಂತೂ!"

ಗುಂಡಮ್ಮ ಇನ್ನೊಂದು ಬರೆದಳು. ತಾಯಿ ಅದನ್ನೂ ಹೊಗಳಿದಳು, ತಲೆ ಸವರಿದಳು. ಮೂರನೇ ಹಾಳೆಯಲ್ಲಿ ಮಗಳು ಕಣ್ಣುಮುಚ್ಚಿ ಗೀಚಿದಳು, ಉದ್ದಕ್ಕೂ ಅಡ್ಡಕ್ಕೂ. ತೋರಿಸಿದಳು.

"ಚೆನ್ನಾಗಿದೆ," ಎಂದಳು ತಾಯಿ.

ಗುಂಡಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು, ಏನನ್ನೋ ಲೆಕ್ಕ ಹಾಕುವವರಂತೆ. ಕೋಪವೇನೂ ಇರಲಿಲ್ಲ.

"ನೀನು ಎಲ್ಲದಕ್ಕೂ ಹಾಗೇ ಅಂತೀಯ," ಎಂದಳು. ಹಾಳೆಗಳನ್ನು ಒಟ್ಟುಮಾಡಿ ಚೀಲಕ್ಕೆ ತುರುಕಿದಳು. "ಇವನ್ನ ಅಪ್ಪಂಗೆ ತೋರಿಸ್ತೀನಿ. ಅವರು ಯಾವಾಗ ಬರ್ತಾರೆ?"