ಲಾಭ, ಎರಡು, ಮೂರು

“ಅಯ್ಯ ಶಿವನ! ಗಂಡಸರು ಹೆರಿಗಿ ಕೋಣ್ಯಾಗ ಹೋಗೂದು ಎಲ್ಲ್ಯರ ಐತೇನ್ರಿ ಸಿಸ್ಟರ್?” ರತ್ನವ್ವ ಬಾಗಿಲಿಗೆ ಅಡ್ಡವೇ ನಿಂತುಬಿಟ್ಟಳು.

ಸಿಸ್ಟರ್ ಕರುಣಾ ಜಗ್ಗಲಿಲ್ಲ. “ನಿಮ್ಮ ಮಗಳು ಸೋತು ಹೋಗ್ಯಾಳ್ರಿ ಅಮ್ಮಾರ. ಅರ್ಧಾ ತಾಸಿನ್ಯಾಗ ಆಗಲಿಲ್ಲಂದ್ರ ಆಪರೇಷನ್ ಅಂತ ಡಾಕ್ಟರ್ ಹೇಳ್ಯಾರ. ಮನಿಯವರನ್ನ ಕರೀರಿ ಅನ್ನಾಕತ್ತಾಳ. ಬರ್ರಿ ನೀವು.”

ನೀವು ಎಂದರೆ ಗುರುಪಾದ, ರತ್ನವ್ವನ ಅಳಿಯ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ಅಲ್ಲಿ ಅವನೊಮ್ಮೆ ದನಿ ಎತ್ತಿದರೆ ನಾಲ್ಕು ಅಂಗಡಿಯಾಚೆಯ ಹಮಾಲರೂ ಓಡಿ ಬರಬೇಕು. ಈಗ ತನ್ನ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ. ಚೊಚ್ಚಲ ಹೆರಿಗೆ ತವರಿನವರದು, ಗಂಡನಾದವನು ಸುದ್ದಿ ಬಂದ ಮೇಲೆ ಪೇಢೆ ಹಿಡಿದು ಬಂದರೆ ಸಾಕು ಎಂದು ನಂಬಿದ್ದ ಪುಣ್ಯಾತ್ಮ. ಆದರೆ ಬಾಗಿಲ ಸಂದಿಯಿಂದ ಹೆಂಡತಿ ಸೌಂದರ್ಯಾಳ ನರಳಿಕೆ ಕೇಳಿಸಿತು. ಅತ್ತೆಯ ಮುಖ ನೋಡದೆ ಚಪ್ಪಲಿ ಬಿಟ್ಟು ಒಳಗೆ ನಡೆದ.

ಸೌಂದರ್ಯಾ ಅವನ ಮುಂಗೈಯನ್ನು ಗಪ್ಪನೆ ಹಿಡಿದಳು. “ನನ್ನ ಕೈಲೆ ಆಗೂದಿಲ್ರೀ. ಕೊಯ್ಯೂದು ಬ್ಯಾಡ ಅನ್ರಿ, ನನಗ ಭಾಳ ಅಂಜಿಕಿ.”

ಗುರುಪಾದನಿಗೆ ಅಳುವೇ ಬಂತು.

“ಸುಮ್ನ ನಿಂತ್ರ ಹೆಂಗ್ರಿ? ನೋವು ಬಂದಾಗ ಹತ್ತರ ತನಕಾ ಎಣಸ್ರಿ. ಅಲ್ಲೀತನಕಾ ಆಕಿ ಜೋರ್ ಹಾಕ್ಬೇಕು,” ಎಂದಳು ಕರುಣಾ.

ನೋವು ಬಂತು. ಗುರುಪಾದ ಕಣ್ಣು ಮುಚ್ಚಿ ಎದೆಯುಬ್ಬಿಸಿದ. ಯಾರ್ಡಿನ ದನಿಯೇ ಹೊರಬಿತ್ತು: “ಲಾಭ! ಎರಡು! ಮೂರು!”

ಚೀಲ ಎಣಿಸುವಾಗ ಒಂದು ಎನ್ನಬಾರದು, ಲಾಭ ಎಂದೇ ಶುರು ಮಾಡಬೇಕು. ಅವರಪ್ಪನ ಕಾಲದಿಂದ ಬಂದ ರೂಢಿ. ಹಾಳು ಬಾಯಿಗೆ ಜಾಗ ಯಾವುದು, ಹೊತ್ತು ಯಾವುದು ತಿಳಿಯಬೇಕಲ್ಲ! ಕರುಣಾ ಮಾಸ್ಕಿನೊಳಗೇ ಕಿಸಕ್ಕನೆ ನಕ್ಕಳು. “ನಾ ಏನು ಮೆಣಸಿನಕಾಯಿ ಚೀಲೇನ್ರಿ?” ಎಂದು ಸೌಂದರ್ಯಾ, ಅಂಥ ನೋವಿನಲ್ಲೂ, ನಕ್ಕೇಬಿಟ್ಟಳು. ಗುರುಪಾದನ ಕಿವಿ ಕೆಂಪಾದವು.

“ನಗಲಿ ಬಿಡ್ರಿ, ಮೈ ಸಡ್ಲ ಆತು. ಹಂಗ ಎಣಸ್ರಿ.” ಮುಂದಿನ ನೋವಿಗೆ ಕರುಣಾ ತಾನೇ “ಲಾಭ!” ಎಂದು ಶುರು ಮಾಡಿದಳು.

ಬೆಳಿಗ್ಗೆ ಯಾರೋ ತಂದಿಟ್ಟ ಅವಳ ಚಹಾ ಮೇಜಿನ ಮೇಲೆ ಕೆನೆಗಟ್ಟಿ ಕೂತಿತ್ತು. ಅವಳು ಸೌಂದರ್ಯಾಳ ಸೊಂಟ ತಿಕ್ಕಿದಳು, ಕೂಸಿನ ಎದೆಬಡಿತ ನೋಡಿದಳು, ಬೆವರು ಒರೆಸಿದಳು. “ತಲಿ ಕಾಣಾಕತ್ತೈತಿ ನನ್ನವ್ವ, ಇನ್ನೊಂದೀಟು, ನನ್ನ ಬಂಗಾರ,” ಎಂದು ಹಡೆದ ತಾಯಿಯ ಹಾಗೆ ಬೇಡಿಕೊಂಡಳು. ಇವಳ್ಯಾರು, ನಾವ್ಯಾರು ಎಂದು ಗುರುಪಾದ ಅವಳನ್ನೇ ನೋಡಿದ.

ಡಾಕ್ಟರು ಬಂದು ಕೈಗವಸು ಹಾಕಿಕೊಂಡರು. ನಾಲ್ಕನೆಯ ಸಲದ ಎಣಿಕೆ ಎಂಟಕ್ಕೇ ನಿಂತಿತು. ಕೂಸು ಅತ್ತಿತು.

“ಹೆಣ್ಣ ಕೂಸ್ರಿ. ಹಿಡೀರಿ,” ಎಂದಳು ಕರುಣಾ. ಗುರುಪಾದ ಹಿಡಿದ, ಮತ್ತು ಕೂಸಿಗಿಂತ ಜೋರಾಗಿ ಅತ್ತ.

ಹೊರಗೆ ರತ್ನವ್ವನಿಗೆ ಬೈಯುವುದು ಮರೆತೇಹೋಯಿತು. ಮೊಮ್ಮಗಳ ಕೆನ್ನೆ ನೀವಿ ನೆಟಿಗೆ ಮುರಿದಳು. ಆಮೇಲೆ ಕರುಣಾಳ ಕೆನ್ನೆಯನ್ನೂ ನೀವಿ, “ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ,” ಎಂದು ಪಟಪಟನೆ ನೆಟಿಗೆ ಮುರಿದಳು. ಕರುಣಾ ನಾಚಿ ಒಳಗೆ ಓಡಿದಳು.

ಪೇಢೆ ತಂದು ಗುರುಪಾದ ಅವಳಿಗಾಗಿ ಕಾದ. ಬಾಗಿಲು ತೆರೆಯಿತು. ಆದರೆ ಅವಳ ಕಣ್ಣು ಬೇರೆ ಯಾರನ್ನೋ ಹುಡುಕುತ್ತಿತ್ತು.

“ಅಕೀಬ್ ಅಂದ್ರ ಯಾರ್ರಿ? ನಿಮ್ಮ ಮನಿಯವರು ಕರ್ಯಾಕತ್ತಾರ. ಲಗೂ ಬರ್ರಿ.”

ಗಂಜಿಯ ಡಬ್ಬಿ ಹಿಡಿದು ಗೋಡೆಗೆ ಒರಗಿದ್ದ ಹರೆಯದವನೊಬ್ಬ ಬೆಚ್ಚಿದ. “ನಾನಾ? ನಾ ಒಳಗ ಬಂದು ಏನ್ ಮಾಡ್ಲಿ?”

“ಏನೂ ಮಾಡಾಕ ಬರದಿದ್ರೂ ನಡೀತೈತ್ರಿ,” ಎಂದ ಗುರುಪಾದ. “ಕೈ ಹಿಡಕೊಂಡು ನಿಂದರ್ರಿ, ಸಾಕು. ಸಿಸ್ಟರ್ ಅದಾರ.” ಡಬ್ಬಿಯನ್ನು ತಾನು ತೆಗೆದುಕೊಂಡು ಅವನ ಬೆನ್ನಿಗೆ ಕೈ ಹಚ್ಚಿ ದಬ್ಬಿದ.

ಬಾಗಿಲು ಮುಚ್ಚಿತು. ಡಬ್ಬಿ ಇನ್ನೂ ಸುಡುತ್ತಿತ್ತು. ಗುರುಪಾದ ಕೈ ಬದಲಿಸುತ್ತ ಅಲ್ಲೇ ನಿಂತ.